‘ನಿನ್ನದೇ ಶೈಲಿ ಇನ್ನೂ ಬಂದಿಲ್ಲ’ ಅಂದರು: ಸೂಪರ್‌ಹೀರೋ ಕಾಮಿಕ್ಸ್ ಬರೆಯುವ ಹುಡುಗನೊಬ್ಬನ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನನಗೆ 24 ವರ್ಷ. ಬಿ.ಕಾಂ. ಮುಗಿಸಿ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ, ಹಾಜರಿ ಬರೆಯುವವನು, ಆಗಿದ್ದೇನೆ. ಹೈಸ್ಕೂಲಿನಿಂದಲೂ ಸೂಪರ್‌ಹೀರೋ ಚಿತ್ರ ಬರೆಯುವ ಹುಚ್ಚು. ಮಿಲಿಟರಿಯಲ್ಲಿದ್ದ ಮಾವ ರಜೆಗೆ ಬರುವಾಗ ತರುತ್ತಿದ್ದ ಹಿಂದಿಯ ನಾಗರಾಜ, ಧ್ರುವ ಕಾಮಿಕ್ಸ್ ನೋಡಿ ಶುರುವಾದದ್ದು, ಆಮೇಲೆ ಅಮೆರಿಕದ ಕಾಮಿಕ್ಸ್. ಯಾವ ಕ್ಲಾಸಿಗೂ ಹೋದವನಲ್ಲ. ಕಳೆದ ವರ್ಷ ಬೆಂಗಳೂರಿನ ಕಾಮಿಕ್ಸ್ ಮೇಳ ಕಾಮಿಕ್ ಕಾನ್‌ನಲ್ಲಿ ಹಿರಿಯ ಕಲಾವಿದರೊಬ್ಬರಿಗೆ ನನ್ನ ಫೈಲ್ ತೋರಿಸಿದೆ. ‘ಕೈ ಚೆನ್ನಾಗಿದೆ, ಆದರೆ ನಿನ್ನದೇ ಶೈಲಿ ಇನ್ನೂ ಬಂದಿಲ್ಲ, ಬಂದ ಮೇಲೆ ಬಾ’ ಅಂದರು. ಆವತ್ತಿನಿಂದ ಒಂದು ಪುಟವೂ ಪೂರ್ತಿಯಾಗಿಲ್ಲ. ಅರ್ಧಕ್ಕೆ ಬಂದಾಗ ‘ಇದು ಯಾರದೋ ಥರ ಇದೆ’ ಅನಿಸಿ ಬಿಟ್ಟುಬಿಡುತ್ತೇನೆ. ಈಗ ಒಂದು ಆನ್‌ಲೈನ್ ಪ್ರಕಾಶನದವರು ನನ್ನದೇ ಪಾತ್ರದ 24 ಪುಟದ ಕಥೆಗೆ ಒಟ್ಟು 15,000 ರೂಪಾಯಿ ಕೊಡುತ್ತೇವೆ, ಎಲ್ಲ ಹಕ್ಕೂ ನಮ್ಮದು ಅಂತ ಒಪ್ಪಂದ ಕಳಿಸಿದ್ದಾರೆ. ನನ್ನ ಹೀರೋ ಕೊಡಗಿನವನು, ಕೊಡವರ ಯುದ್ಧಕತ್ತಿ ಒಡಿಕತ್ತಿ ಹಿಡಿದವನು. ಅಪ್ಪ ‘ಇದು ಹೊಟ್ಟೆ ತುಂಬಿಸುವ ಕೆಲಸ ಅಲ್ಲ’ ಅನ್ನುತ್ತಾರೆ. ಚಿಕ್ಕಪ್ಪನ ಮಗ ‘ಇನ್ನು ಎಲ್ಲ ಎಐ ಬರೆದುಕೊಡುತ್ತೆ’ ಅನ್ನುತ್ತಾನೆ. ಸಹಿ ಹಾಕಲೇ? ಕೆಲಸ ಬಿಟ್ಟು ಬೆಂಗಳೂರಿಗೆ ಬರಲೇ? ಶೈಲಿ ಬರುವುದು ಹೇಗೆ?
– ಹೆಸರು ಬೇಡ, ಸಿದ್ದಾಪುರ, ಕೊಡಗು

ಉತ್ತರ: ಮೊದಲು ತುರ್ತಿನದು. ಆ ಕಾಗದಕ್ಕೆ ಈ ವಾರ ಸಹಿ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಕೇಳಿದ್ದು ಮೂರು ನಾಲ್ಕು ಪ್ರಶ್ನೆಯಾದರೂ ನಿಮ್ಮನ್ನು ಕೊರೆಯುತ್ತಿರುವುದು ಒಂದೇ, ಅರ್ಧಕ್ಕೆ ನಿಂತ ಪುಟಗಳು. ಒಪ್ಪಂದ, ಬೆಂಗಳೂರು, ಎಐ, ಅಪ್ಪನ ಮಾತು ಎಲ್ಲಕ್ಕೂ ಏನಾದರೊಂದು ದಾರಿ ಇದೆ. ಪುಟ ಮುಗಿಯದಿದ್ದರೆ ಅದ್ಯಾವುದರಿಂದಲೂ ಪ್ರಯೋಜನವಿಲ್ಲ. ಹಾಗಾಗಿ ಶೈಲಿಯ ವಿಷಯವನ್ನೇ ಹೆಚ್ಚು ಮಾತಾಡುತ್ತೇನೆ.

ಶೈಲಿ ಮೊದಲು ಬರುತ್ತೆ, ಕೆಲಸ ಆಮೇಲೆ ಸಿಗುತ್ತೆ ಅನ್ನುವುದು ಈ ಕ್ಷೇತ್ರದ ದೊಡ್ಡ ಸುಳ್ಳು. ಇತಿಹಾಸ ಹೇಳುವುದು ಇದರ ಉಲ್ಟಾ. ಅಮೆರಿಕದ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ಹೆಸರು ನಿಮಗೆ ಗೊತ್ತೇ ಇರುತ್ತೆ. ಅವರೂ ಕ್ಲಾಸಿನಲ್ಲಿ ಕಲಿತವರಲ್ಲ. ನ್ಯೂಯಾರ್ಕಿನ ಕಲಾಶಾಲೆ ಪ್ರಾಟ್ ಇನ್‌ಸ್ಟಿಟ್ಯೂಟಿಗೆ ಸೇರಿ ವಾರದಲ್ಲೇ ಬಿಟ್ಟೆ ಅಂತ ಅವರೇ ಹೇಳಿಕೊಂಡಿದ್ದರು. ಪತ್ರಿಕೆಗಳಲ್ಲಿ ಬರುತ್ತಿದ್ದ ಹಾಲ್ ಫಾಸ್ಟರ್, ಅಲೆಕ್ಸ್ ರೇಮಂಡ್, ಮಿಲ್ಟನ್ ಕ್ಯಾನಿಫ್ ಅವರ ಚಿತ್ರಪಟ್ಟಿಗಳನ್ನು ನೋಡಿ ಬೆಳೆದವರು. 1941ರಲ್ಲಿ ಜೋ ಸೈಮನ್ ಜತೆ ಕ್ಯಾಪ್ಟನ್ ಅಮೆರಿಕ ಶುರುಮಾಡಿದರಲ್ಲ, ಆ ಪುಟಗಳನ್ನು ತೆಗೆದು ನೋಡಿ. ಮೈ ತೆಳ್ಳಗೆ, ರಬ್ಬರಿನ ಹಾಗೆ ಬಳುಕುತ್ತೆ. ಇಂದು ನಾವು ‘ಕರ್ಬಿ ಶೈಲಿ’ ಅನ್ನುವ ಚೌಕಾಕಾರದ ಬೆರಳುಗಳು, ಪುಟದಿಂದ ಹೊರಗೆ ನುಗ್ಗುವ ಮುಷ್ಟಿ, ಲೋಹದ ಮೇಲಿನ ಅಂಕುಡೊಂಕು ಹೊಳಪು, ಬಾಹ್ಯಾಕಾಶದ ಶಕ್ತಿ ತೋರಿಸಲು ಗುಂಪುಗುಂಪಾಗಿ ಇಡುವ ಕಪ್ಪು ಚುಕ್ಕೆಗಳು ಪೂರ್ತಿ ಅರಳಿದ್ದು 1960ರ ದಶಕದ ನಡುವೆ, ‘ಫೆಂಟಾಸ್ಟಿಕ್ ಫೋರ್’ ಬರೆಯುತ್ತಿದ್ದಾಗ. ನಡುವೆ ಸುಮಾರು ಕಾಲು ಶತಮಾನ. ಅಷ್ಟರಲ್ಲಿ ಒಂದು ಮಹಾಯುದ್ಧಕ್ಕೂ ಹೋಗಿ ಬಂದಿದ್ದರು. ‘ಶೈಲಿ ಬಂದ ಮೇಲೆ ಬಾ’ ಅಂತ ಅವರಿಗೂ ಯಾರಾದರೂ ಹೇಳಿ, ಅವರೂ ಅದನ್ನು ನಂಬಿದ್ದರೆ ನಮಗೆ ಕ್ಯಾಪ್ಟನ್ ಅಮೆರಿಕ ಸಿಗುತ್ತಿರಲಿಲ್ಲ.

ಆ ಶೈಲಿ ಹುಟ್ಟಿದ್ದಾದರೂ ಎಲ್ಲಿಂದ? ಪುಟದ ಲೆಕ್ಕದಲ್ಲಿ ದುಡ್ಡು, ಮನೆ ತುಂಬ ಮಕ್ಕಳು, ತಿಂಗಳಿಗೆ ಹಲವು ಪುಸ್ತಕ. ಒಂದೊಂದು ಬೆರಳನ್ನೂ ಗೆಣ್ಣು ಎಣಿಸಿ ಬರೆಯುತ್ತ ಕೂತರೆ ಆಗುವ ಕೆಲಸವಲ್ಲ. ಕೈ ಓಡಬೇಕು, ಓದುವವನಿಗೆ ಏಟು ತಾಗಿದ್ದು ಗೊತ್ತಾಗಬೇಕು. ಆ ಅವಸರದಲ್ಲಿ ಕೈ ಕಂಡುಕೊಂಡ ಒಳದಾರಿಗಳನ್ನೇ ನಾವು ಶೈಲಿ ಅನ್ನುತ್ತಿದ್ದೇವೆ. ನೀವು ತೋಟದ ಆಳುಗಳ ಹಾಜರಿಪಟ್ಟಿ ಚೆಕ್‌ರೋಲ್ ಬರೆಯುವಾಗ ಅಕ್ಷರ ಹೇಗಿರಬೇಕು ಅಂತ ಯೋಚಿಸುತ್ತೀರಾ? ಹಾಜರಿ ತಪ್ಪಬಾರದು ಅಂತಷ್ಟೇ ನೋಡುತ್ತೀರಿ. ಆದರೂ ಆ ಕೈಬರಹ ನೋಡಿದ ಮ್ಯಾನೇಜರ್ ಇದು ಯಾರು ಬರೆದದ್ದು ಅಂತ ಹೇಳಬಲ್ಲರು.

ಇನ್ನೊಂದು ಘಟನೆ ಕೇಳಿ. 1962ರಲ್ಲಿ ಸ್ಪೈಡರ್-ಮ್ಯಾನ್ ಬರೆಯಲು ಮಾರ್ವೆಲ್ ಕಂಪನಿಯ ಸಂಪಾದಕ ಸ್ಟ್ಯಾನ್ ಲೀ ಮೊದಲು ಕೊಟ್ಟದ್ದು ಕರ್ಬಿಗೇ. ಪುಟ ಬಂದವು, ಹುಡುಗ ತುಂಬಾ ‘ಹೀರೋ’ ಥರ ಇದ್ದಾನೆ ಅಂತ ಲೀ ಅವುಗಳನ್ನು ಬದಿಗಿಟ್ಟರು. ಕೆಲಸ ಸ್ಟೀವ್ ಡಿಟ್ಕೊ ಕೈಗೆ ಹೋಯಿತು. ಡಿಟ್ಕೊ ಬರೆದ ಪೀಟರ್ ಪಾರ್ಕರ್, ಅಂದರೆ ಮುಖವಾಡವಿಲ್ಲದ ಸ್ಪೈಡರ್-ಮ್ಯಾನ್, ಸಣಕಲ, ಭುಜ ಕುಗ್ಗಿದವ, ಯಾವಾಗಲೂ ಏನೋ ಚಿಂತೆ. ಮುಖವಾಡ ಹಾಕಿದರೆ ಮೊಣಕಾಲು ಮಡಚಿ, ಬೆರಳು ಚಾಚಿ, ಗೋಡೆಗೆ ಕಚ್ಚಿಕೊಳ್ಳುವ ಹುಳುವಿನ ದೇಹ. ತಮಾಷೆ ಅಂದರೆ ಆ ಮೊದಲ ಕಥೆಯ ಸಂಚಿಕೆಗೆ ಮುಖಪುಟ ಬರೆದದ್ದು ಮತ್ತೆ ಕರ್ಬಿಯೇ! ಒಳಗಿನ ಕಥೆಗೆ ಒಗ್ಗದ ಕೈ ಹೊರಗಿನ ಆಕರ್ಷಣೆಗೆ ಒಗ್ಗಿತು. ಕರ್ಬಿ ಕೈಯಲ್ಲಿ ಕೊರತೆ ಏನೂ ಇರಲಿಲ್ಲ. ಆ ಕಥೆ ಕೇಳಿದ್ದು ಬೇರೆಯದನ್ನು, ಅಷ್ಟೇ. ಹಾಗಾಗಿ ‘ನನ್ನ ಶೈಲಿ ಯಾವುದು’ ಅಂತ ಕನ್ನಡಿ ಮುಂದೆ ನಿಂತು ಕೇಳುವ ಬದಲು ‘ಈ ಕಥೆಗೆ ಎಂಥ ದೇಹ ಬೇಕು, ಎಷ್ಟು ಕಪ್ಪು ಬೇಕು’ ಅಂತ ಕೇಳಿ. ಮೈಕ್ ಮಿನ್ಯೋಲಾ ದೊಡ್ಡ ಕಂಪನಿಗಳಿಗೆ ಎಲ್ಲರ ಹಾಗೆ ಬರೆಯುತ್ತಿದ್ದವರು. ಗೆರೆಗಳನ್ನು ಕಳೆಯುತ್ತ ಕಳೆಯುತ್ತ ಬರೀ ಕಪ್ಪು ಆಕಾರಗಳಲ್ಲಿ ಕಥೆ ಹೇಳುವ ಮಟ್ಟಕ್ಕೆ ಬಂದಾಗ ಅವರ ಹೆಸರಾಂತ ಪಾತ್ರ ಹೆಲ್‌ಬಾಯ್ ಹುಟ್ಟಿದ. ಅಲೆಕ್ಸ್ ರಾಸ್ ಗೆಳೆಯರು, ಪರಿಚಿತರನ್ನು ನಿಲ್ಲಿಸಿ ಫೋಟೊ ತೆಗೆದು, ಗುವಾಶ್ ಅನ್ನುವ ದಟ್ಟ ನೀರುಬಣ್ಣದಲ್ಲಿ ಬರೆಯುತ್ತಾರೆ. ಒಬ್ಬರು ಕಳೆದರು, ಒಬ್ಬರು ಕೂಡಿಸಿದರು.

ಹಾಗಾದರೆ ಆ ಹಿರಿಯರು ಹೇಳಿದ್ದು ಸುಳ್ಳೇ? ಇಲ್ಲ. ನಿಮ್ಮ ಫೈಲ್ ನಾನು ನೋಡಿಲ್ಲ, ಆದರೆ ಇಂಥ ಫೈಲುಗಳನ್ನು ನೋಡುವುದೇ ನನ್ನ ಕಸುಬು. ಬಹುತೇಕ ಫೈಲುಗಳಲ್ಲಿ ಕಾಣುವುದು ಒಂದೇ ತೊಂದರೆ. ಮುಷ್ಟಿ ಕರ್ಬಿಯದು, ಮುಖ ಅನುಪಮ್ ಸಿನ್ಹಾ ಬರೆದ ಧ್ರುವನದು, ಮೈಮೇಲಿನ ಒತ್ತೊತ್ತು ಗೆರೆ ಅಮೆರಿಕದ ಕಲಾವಿದ ಜಿಮ್ ಲೀಯದು. ನಕಲು ಮಾಡಿದ್ದರಲ್ಲಿ ತಪ್ಪಿಲ್ಲ, ಎಲ್ಲರೂ ಹಾಗೇ ಕಲಿತದ್ದು. ಆದರೆ ನಕಲಾಗಿದ್ದು ಕೊನೆಯ ಗೆರೆ. ಜಿಮ್ ಲೀ ಎದೆಯ ಮೇಲೆ ಗೆರೆ ಎಳೆದರೆ ಅದು ಮಾಂಸಖಂಡದ ಉಬ್ಬನ್ನು ಹಿಂಬಾಲಿಸುತ್ತೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತಲೂ ಹೇಳುತ್ತೆ. ನಕಲಿನಲ್ಲಿ ಗೆರೆ ಉಳಿದಿರುತ್ತೆ, ಬೆಳಕು ಹೋಗಿರುತ್ತೆ. ‘ಶೈಲಿ ಬಂದಿಲ್ಲ’ ಅಂದವರು ಬಹುಶಃ ಕಂಡದ್ದು ಇದನ್ನೇ. ಇನ್ನೂ ಒಂದಿಷ್ಟು ಬಿಡಿಸಿ ಹೇಳಬಹುದಿತ್ತು, ಕಾಮಿಕ್ ಕಾನ್ ಗದ್ದಲದಲ್ಲಿ ಎರಡು ನಿಮಿಷ ಸಿಕ್ಕಿದ್ದೇ ಹೆಚ್ಚು.

ಎರಡನೆಯ ಕೊರತೆ ಇನ್ನೂ ಮುಖ್ಯ. ಹೊಸಬರ ಫೈಲಿನ ತುಂಬ ಎದೆಯುಬ್ಬಿಸಿ ನಿಂತ ಹೀರೋಗಳ ಒಂಟಿ ಚಿತ್ರ. ಇಬ್ಬರು ಅಡುಗೆಮನೆಯಲ್ಲಿ ಕೂತು ಮಾತಾಡುವ ಒಂದು ಪುಟ ಇರುವುದಿಲ್ಲ. ಸಂಪಾದಕರು ಹುಡುಕುವುದು ಮಾತ್ರ ಅದನ್ನೇ. ಬಾಗಿಲು ಎಲ್ಲಿದೆ? ಎಡಗಡೆ ಇದ್ದವನು ಮುಂದಿನ ಚೌಕಟ್ಟಿನಲ್ಲಿ ಏಕಾಏಕಿ ಬಲಕ್ಕೆ ಹೋದನೇ? ಹೊಡೆತ ಬಿದ್ದದ್ದು ಯಾರಿಗೆ? ಮಾತಿನ ಗುಳ್ಳೆಗಳನ್ನು ಮುಚ್ಚಿದರೂ ಕಥೆ ಗೊತ್ತಾಗುತ್ತದೆಯೇ? ಮಾರ್ವೆಲ್‌ನಲ್ಲಿ ಆಗ ಕಥೆಯ ಎಳೆ ಮಾತ್ರ ಕೊಟ್ಟು, ಪುಟ ಬಿಡಿಸುವುದನ್ನು ಚಿತ್ರಕಾರನಿಗೇ ಬಿಟ್ಟು, ಸಂಭಾಷಣೆಯನ್ನು ಕೊನೆಗೆ ಬರೆಯುವ ಪದ್ಧತಿ ಇತ್ತು. ಸಿಲ್ವರ್ ಸರ್ಫರ್ ಅನ್ನುವ ಪಾತ್ರ ಸ್ಟ್ಯಾನ್ ಲೀ ಜತೆ ಮಾತಾಡಿದ ಕಥೆಯಲ್ಲಿ ಇರಲೇ ಇಲ್ಲ; ಕರ್ಬಿ ತಂದ ಪುಟಗಳಲ್ಲಿ ಹಲಗೆಯೊಂದರ ಮೇಲೆ ತೇಲುತ್ತ ಬಂದುಬಿಟ್ಟಿದ್ದ. ಸೂಪರ್‌ಹೀರೋ ಚಿತ್ರಕಾರ ಅಂದರೆ ಅರ್ಧ ಕಥೆಗಾರ.

ನಮ್ಮಲ್ಲೇ ಉದಾಹರಣೆ ಬೇಕಾದರೆ ‘ಚಂದಮಾಮ’ ತೆಗೆಯಿರಿ. 1952ರಲ್ಲಿ ಅಲ್ಲಿಗೆ ಸೇರಿ ದಶಕಗಟ್ಟಲೆ ಬರೆದ ಶಂಕರ್ ಅವರ ವಿಕ್ರಮ, ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ದೂರದಿಂದ ಬರೀ ನೆರಳಾಗಿ ಕಂಡರೂ ಯಾರು, ಎಲ್ಲಿಗೆ, ಎಷ್ಟು ಭಾರ ಹೊತ್ತಿದ್ದಾನೆ ಎಲ್ಲ ಗೊತ್ತಾಗುತ್ತೆ. ನಿಮ್ಮ ಹೀರೋ ಅಷ್ಟು ಮಾಡಿದರೆ ಸಾಕು.

ಒಡಿಕತ್ತಿಯ ವಿಷಯ ಬಂತಲ್ಲ, ಅದು ನಿಮಗೆ ಸಿಕ್ಕ ನಿಧಿ, ಸರಿಯಾಗಿ ಬಳಸಿ. ಅದು ಸೊಂಟದ ಪಕ್ಕದಲ್ಲಿ ನೇತಾಡುವ ಖಡ್ಗವಲ್ಲ. ಬೆನ್ನ ಹಿಂದೆ, ತೊಡಂಗ್ ಅನ್ನುವ ಲೋಹದ ಕೊಂಡಿಯಲ್ಲಿ ಇರುವಂಥದ್ದು. ತೆಗೆಯಬೇಕಾದರೆ ಕೈ ಹಿಂದಕ್ಕೆ ಹೋಗಬೇಕು, ಮೊಣಕೈ ಮೇಲೇಳಬೇಕು, ಎದೆ ತೆರೆದುಕೊಳ್ಳಬೇಕು. ಇದಕ್ಕಿಂತ ಒಳ್ಳೆಯ ಭಂಗಿಯನ್ನು ಯಾವ ಅಮೆರಿಕದ ಪುಸ್ತಕವೂ ಹೇಳಿಕೊಡುವುದಿಲ್ಲ. ಕೊಡವರ ಉದ್ದ ನಿಲುವಂಗಿ ಕಪ್ಪು ಕುಪ್ಯ ಅಂದರೆ ಪುಟದಲ್ಲಿ ಒಂದು ದೊಡ್ಡ ಗಟ್ಟಿ ಕಪ್ಪು, ಅದರ ನಡುವೆ ಸೊಂಟಕ್ಕೆ ಸುತ್ತುವ ಕೆಂಪು ಚೇಲೆ, ಚೇಲೆಯಲ್ಲಿ ಪುಟ್ಟ ಬಾಕು ಪೀಚೆಕತ್ತಿ. ಬಣ್ಣ ಹಾಕುವ ಮೊದಲೇ ಚಿತ್ರ ನಿಂತಿರುತ್ತೆ. ಒಂದೇ ಎಚ್ಚರ: ಅದು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್‌ನಲ್ಲಿ ಪೂಜೆಗಿಡುವ ಆಯುಧ, ಮದುವೆಯಲ್ಲಿ ಉಡುವ ಉಡುಪು. ಎಲ್ಲಿ ಏನು ಸಲ್ಲುತ್ತೆ, ಏನು ಸಲ್ಲದು ಅಂತ ಹಿರಿಯರೊಬ್ಬರ ಹತ್ತಿರ ಕೇಳಿಕೊಂಡೇ ಬರೆಯಿರಿ. ಪುಸ್ತಕ ಅಚ್ಚಾದ ಮೇಲೆ ಕೇಳಿಸಿಕೊಳ್ಳುವುದಕ್ಕಿಂತ ಅದು ಸುಲಭ.

ಅಂಗರಚನೆಗೂ ನೀವು ದೂರ ಹೋಗಬೇಕಿಲ್ಲ. ನಿಜವಾದ ಮನುಷ್ಯ ತನ್ನ ತಲೆಯ ಅಳತೆಯ ಸುಮಾರು ಏಳೂವರೆ ಪಟ್ಟು ಎತ್ತರ, ಕಾಮಿಕ್ಸಿನ ಹೀರೋ ಎಂಟು, ಎಂಟೂವರೆ. ಮೊದಲನೆಯದು ಗೊತ್ತಿಲ್ಲದೆ ಎರಡನೆಯದನ್ನು ಬರೆದರೆ ಬಲೂನು ಆಗುತ್ತೆ. ಮೆಣಸು ಕೊಯ್ಯಲು ಏಣಿ ಹತ್ತಿ ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದನ್ನು ಚಾಚಿದವನ ಬೆನ್ನು ನೋಡಿ. ಕಾಫಿ ಮೂಟೆ ಎತ್ತುವಾಗ ತೊಡೆ, ಸೊಂಟ ಹೇಗೆ ಕೆಲಸ ಮಾಡುತ್ತೆ ನೋಡಿ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯ ನಡೆಯುವಾಗ ಗ್ರೌಂಡಿನ ಬದಿಯಲ್ಲಿ ಕೂತು, ಒಂದೊಂದು ಚಿತ್ರಕ್ಕೆ ಅರ್ಧ ನಿಮಿಷದಂತೆ ಪುಟ ತುಂಬಿಸಿ. ಮಡಿಕೇರಿ ದಸರಾದ ಮಂಟಪಗಳ ಬುಡದಲ್ಲಿ ನಿಂತು ಮೇಲಕ್ಕೆ ನೋಡಿ: ಕೆಳಗಿನಿಂದ ಬರುವ ಬೆಳಕು, ಜನರ ಮೇಲೆ ಬಾಗಿದ ರಾಕ್ಷಸ, ಮುಂದಕ್ಕೆ ಬಂದ ದೊಡ್ಡ ಕೈ, ಹಿಂದೆ ಚಿಕ್ಕದಾದ ತಲೆ. ಸೂಪರ್‌ಹೀರೋ ಪುಟಕ್ಕೆ ಬೇಕಾದ ಕೋನ ಅಷ್ಟೂ ಅಲ್ಲಿದೆ.

ನಕಲು ಬಿಡಬೇಕಾಗಿಲ್ಲ, ನಕಲು ಮಾಡುವ ವಸ್ತು ಬದಲಿಸಿ. ಮೆಚ್ಚಿದ ಪುಟವೊಂದನ್ನು ತೆಗೆದುಕೊಂಡು ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ, ಬರೀ ಕಪ್ಪು-ಬಿಳುಪಿನ ಆಕಾರಗಳಲ್ಲಿ ಬರೆಯಿರಿ. ಆಮೇಲೆ ಅದೇ ಹಂದರಕ್ಕೆ ನಿಮ್ಮ ಕಥೆಯ ದೃಶ್ಯ ಹಾಕಿ. ಗೆರೆ ನಿಮ್ಮದೇ ಬರುತ್ತೆ, ಬೇರೆ ದಾರಿಯೇ ಇರುವುದಿಲ್ಲ.

ಈಗ ಒಪ್ಪಂದ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಅನ್ನುವ ಇಬ್ಬರು ಯುವಕರು ಸೂಪರ್‌ಮ್ಯಾನ್ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆಗ ಅವರ ವಯಸ್ಸು ಹೆಚ್ಚುಕಡಿಮೆ ನಿಮ್ಮಷ್ಟೇ. ಪಾತ್ರ ಕೋಟಿಗಟ್ಟಲೆ ದುಡಿಯಿತು. ಶುಸ್ಟರ್‌ಗೆ ಕಣ್ಣು ಮಂಜಾಗಿ, ಇಬ್ಬರೂ ಕಷ್ಟದಲ್ಲಿ ದಿನ ದೂಡಿದರು. ನೀಲ್ ಆಡಮ್ಸ್‌ರಂಥ ಕಲಾವಿದರು ಬೆನ್ನಿಗೆ ನಿಂತು ಸದ್ದು ಮಾಡಿದ ಮೇಲೆ, 1975ರಲ್ಲಿ ತಲಾ ವರ್ಷಕ್ಕೆ 20,000 ಡಾಲರ್ ಪಿಂಚಣಿ ಸಿಕ್ಕಿತು. 1992ರಲ್ಲಿ ಜಿಮ್ ಲೀ, ಟಾಡ್ ಮ್ಯಾಕ್‌ಫಾರ್ಲೆನ್ ಮೊದಲಾದವರು ಮಾರ್ವೆಲ್ ಬಿಟ್ಟು ಇಮೇಜ್ ಕಾಮಿಕ್ಸ್ ಕಟ್ಟಿದ್ದಕ್ಕೆ ಮುಖ್ಯ ಕಾರಣವೂ ಇದೇ, ಪಾತ್ರ ಬರೆದವನ ಕೈಯಲ್ಲೇ ಉಳಿಯಲಿ ಅಂತ.

ನಿಮ್ಮ ಲೆಕ್ಕ ಹಾಕೋಣ. 15,000ವನ್ನು 24ರಿಂದ ಭಾಗಿಸಿದರೆ ಪುಟಕ್ಕೆ 625 ರೂಪಾಯಿ. ದೊಡ್ಡ ಕಂಪನಿಗಳಲ್ಲಿ ಪೆನ್ಸಿಲ್, ಮಸಿ, ಬಣ್ಣ, ಅಕ್ಷರ ನಾಲ್ಕು ಬೇರೆ ಬೇರೆ ಜನ ಮಾಡುತ್ತಾರೆ, ಪೆನ್ಸಿಲ್ ಒಂದಕ್ಕೇ ಪುಟಕ್ಕೊಂದು ದಿನ ಹಿಡಿಯುತ್ತೆ. ನಾಲ್ಕೂ ನೀವೇ ಅಂದರೆ, ತೋಟದ ಕೆಲಸ ಮುಗಿಸಿ ರಾತ್ರಿ ಕೂತರೆ, ಕಡಿಮೆಯೆಂದರೂ ನಾಲ್ಕೈದು ತಿಂಗಳು. ಕೂಲಿ ಕಡಿಮೆ ಅನ್ನುವುದನ್ನಾದರೂ ಸಹಿಸಬಹುದು. ಕೂಲಿಯ ಜತೆ ಪಾತ್ರವನ್ನೂ ಶಾಶ್ವತವಾಗಿ ಕೊಡುವುದನ್ನು ಸಹಿಸಬಾರದು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ನಿಮಗೆ ಒಂದಿಷ್ಟು ರಕ್ಷಣೆ ಕೊಡುತ್ತೆ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ ಆ ಹಕ್ಕು ಬಿದ್ದುಹೋಗುತ್ತೆ, ಒಪ್ಪಂದದಲ್ಲಿ ಬೇರೆ ಹೇಳದಿದ್ದರೆ. ಇದೆಲ್ಲ 19ನೇ ಕಲಮಿನಲ್ಲಿದೆ. ಆದರೆ ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ’ ಅಂತ ಕಾಗದದಲ್ಲಿ ಬಂದರೆ ಆ ಐದು ವರ್ಷದ ಆಸರೆ ಹೋಯಿತು. ಹಕ್ಕು ಮಾರಿದ ಮೇಲೂ ಕೃತಿ ನನ್ನದು ಅಂತ ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿ ಉಳಿಯುತ್ತೆ, ಅದರಿಂದ ಹೆಸರು ಬರುತ್ತೆ, ದುಡ್ಡು ಬರುವುದಿಲ್ಲ. ಜಮ್ಮಾ ಜಾಗದ, ಅಂದರೆ ಕೊಡಗಿನ ವಂಶಪಾರಂಪರ್ಯದ ಜಮೀನಿನ, ಕಾಗದ ನೋಡುವ ವಕೀಲರು ವಿರಾಜಪೇಟೆ, ಮಡಿಕೇರಿಯಲ್ಲಿ ಬೇಕಾದಷ್ಟಿದ್ದಾರೆ. ಈ ಎರಡು ಕಲಂ ಗುರುತು ಹಾಕಿಕೊಟ್ಟು ಒಬ್ಬರಿಂದ ಓದಿಸಿ.

ಪ್ರಕಾಶಕರಿಗೆ ಹೀಗೆ ಬರೆಯಬಹುದು: ಪಾತ್ರದ ಹಕ್ಕು ನನ್ನದೇ, ಈ 24 ಪುಟಗಳನ್ನು ಮುದ್ರಿಸಲು, ಆನ್‌ಲೈನ್ ಹಾಕಲು ಎರಡೋ ಮೂರೋ ವರ್ಷದ ಅನುಮತಿ, ಸಿನಿಮಾ, ಗೇಮ್, ಆಟಿಕೆ ಇದರಲ್ಲಿ ಸೇರಿಲ್ಲ, ಮೂಲ ಹಾಳೆಗಳು ನನ್ನ ಹತ್ತಿರವೇ ಇರುತ್ತವೆ. ಅವರು ಬಿಟ್ಟುಹೋಗುವ ಅಪಾಯ ಇದೆ, ಹೊಸಬರಿಗೆ ಬಹಳ ಸಲ ಹಾಗೇ ಆಗುತ್ತೆ. ನನ್ನನ್ನು ಕೇಳಿದರೆ ಆಗ ಹೋಗಲಿ ಬಿಡಿ. ಕೆಲಸ ಕಲಿಯುವ ಆಸೆಗೆ ಕಡಿಮೆ ದುಡ್ಡಿಗೂ ಬರೆಯುತ್ತೇನೆ ಅನ್ನುವುದಾದರೆ ಅವರದೇ ಪಾತ್ರ ಕೇಳಿ, ಎಂಟು ಪುಟದ ಸಣ್ಣ ಕಥೆ ಒಪ್ಪಿಕೊಳ್ಳಿ. ಅವರ ಪಾತ್ರದ ಹಕ್ಕು ಅವರದೇ, ಅಲ್ಲಿ ನೀವು ಕಳೆದುಕೊಳ್ಳುವುದು ರಾತ್ರಿಗಳನ್ನು ಮಾತ್ರ. ನೀವೇ ಅಚ್ಚು ಹಾಕಿಸುವುದು ಇನ್ನೊಂದು ದಾರಿ. ಹಕ್ಕು ಪೂರ್ತಿ ಉಳಿಯುತ್ತೆ, ಮಾರಾಟವಾಗದ ಪ್ರತಿಗಳು ಮಂಚದ ಕೆಳಗೆ ಉಳಿಯುತ್ತವೆ. ಮೊದಲ ಪುಸ್ತಕಕ್ಕೆ ಅದನ್ನು ನಾನು ಹೇಳುವುದಿಲ್ಲ.

ಬೆಂಗಳೂರಿಗೆ ಬರುವ ಅಗತ್ಯ? ಚಿತ್ರ ಬರೆಯಲು ಇಲ್ಲ. 1970ರ ದಶಕದಲ್ಲೇ ಫಿಲಿಪ್ಪೀನ್ಸಿನ ಕಲಾವಿದರು ಮನಿಲಾದಿಂದ ಅಂಚೆಯಲ್ಲಿ ಪುಟ ಕಳಿಸಿ ನ್ಯೂಯಾರ್ಕಿನ ಪ್ರಕಾಶಕರಿಗೆ ದುಡಿದರು. ಆಮೇಲೆ ಬ್ರೆಜಿಲ್‌ನವರು. 2021ರಲ್ಲಿ ಮುಂಬೈನ ಆನಂದ್ ರಾಧಾಕೃಷ್ಣನ್ ಅವರಿಗೆ ಕಾಮಿಕ್ಸ್‌ಗೆ ಕೊಡುವ ಅಮೆರಿಕದ ಐಸ್ನರ್ ಪ್ರಶಸ್ತಿ ಬಂತು. ಸೂಪರ್‌ಹೀರೋ ಕಥೆಗಲ್ಲ, ಆದರೂ ಬಾಗಿಲು ತೆರೆದಿದೆ ಅನ್ನಲು ಅಷ್ಟು ಸಾಕು. ಬೆಂಗಳೂರಿನಲ್ಲಿ ಸಿಗುವುದು ಬೇರೆ: ಜಾಹೀರಾತು, ಸಿನಿಮಾಗೆ ಸ್ಟೋರಿಬೋರ್ಡ್ ಕೆಲಸ, ಗೇಮ್ ಸ್ಟುಡಿಯೋಗಳು, ಮಕ್ಕಳ ಪುಸ್ತಕಗಳ ಪ್ರಕಾಶಕರು. ಇಲ್ಲಿ ಕಾಮಿಕ್ಸ್ ಬರೆಯುವ ಹೆಚ್ಚಿನವರ ಬಾಡಿಗೆ ಕಟ್ಟುವುದು ಅವೇ. ಮೈಸೂರಿನ ಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಪದವಿಯನ್ನು ಯಾವ ಕಾಮಿಕ್ಸ್ ಸಂಪಾದಕನೂ ಕೇಳುವುದಿಲ್ಲ. ಅಲ್ಲಿ ಸಿಗುವ ವರ್ಷಗಟ್ಟಲೆಯ ಮಾದರಿ ಅಭ್ಯಾಸ ಮಾತ್ರ ಪುಟದಲ್ಲಿ ಕಾಣುತ್ತೆ.

ಸಿದ್ದಾಪುರದಲ್ಲಿ ಇದ್ದೇ ಮಾಡುವುದಾದರೆ ನಿಮ್ಮ ಶತ್ರು ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಾಳೆ ತೇವ ಕುಡಿದು ಮಸಿ ಹರಡುತ್ತೆ, ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಹಾಳೆಗಳನ್ನು ಕಬ್ಬಿಣದ ಟ್ರಂಕಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತೆ ಅಂತ ಅಲ್ಲಿಡಬೇಡಿ, ಹೊಗೆಗೆ ಹಳದಿಯಾಗುತ್ತೆ. ಮಳೆಗಾಲದಲ್ಲಿ ಪೆನ್ಸಿಲ್ ಕೆಲಸ ಮಾಡಿ, ಮಸಿಯನ್ನು ಸೆಪ್ಟೆಂಬರಿಗೆ ಇಟ್ಟುಕೊಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ಗಡುವು ಕೊಡಬೇಡಿ.

ಎಐ ಬಗ್ಗೆ ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಅಗ್ಗದ ಮುಖಪುಟ, ಪೋಸ್ಟರಿನಂಥ ಒಂಟಿ ಚಿತ್ರದ ಕೆಲಸ ಕಡಿಮೆಯಾಗಿದೆ. ನಿಮ್ಮ ಫೈಲಿನಲ್ಲಿ ಇರುವುದು ಅಂಥ ಚಿತ್ರಗಳೇ ಆದರೆ ಯೋಚಿಸಬೇಕಾದ್ದೇ. ಕಥೆಯನ್ನು ಚೌಕಟ್ಟಿನಿಂದ ಚೌಕಟ್ಟಿಗೆ ನಡೆಸುವ ಕೆಲಸಕ್ಕೆ ಇನ್ನೂ ಮನುಷ್ಯನೇ ಬೇಕು. 2023ರಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ಒಂದು ಕಾಮಿಕ್ಸಿನ ಎಐ ಚಿತ್ರಗಳಿಗೆ ರಕ್ಷಣೆ ಇಲ್ಲ ಅಂತ ತೀರ್ಮಾನಿಸಿತು, ಬರೆದ ಮಾತಿಗೆ ಮತ್ತು ಜೋಡಣೆಗೆ ಮಾತ್ರ ಇದೆ ಅಂತು. ಪಾತ್ರದ ಮೇಲೆ ಬದುಕುವ ಕಂಪನಿಗಳಿಗೆ ಇದು ಸಣ್ಣ ಭಯವಲ್ಲ.

ಅಪ್ಪನ ಮಾತು ಅರ್ಧ ಸರಿ. ತಿಂಗಳು ತಿಂಗಳು ಸಂಬಳ ಕೊಟ್ಟು ಸೂಪರ್‌ಹೀರೋ ಬರೆಸುವ ಪತ್ರಿಕೆ ಕನ್ನಡದಲ್ಲಿ ಇಲ್ಲ. ಜಿಮ್ ಲೀ ಕೂಡ ಪ್ರಿನ್ಸ್‌ಟನ್‌ನಲ್ಲಿ ಸೈಕಾಲಜಿ ಓದಿ, ಮೆಡಿಕಲ್ ಸೇರುವ ಮುಂಚೆ ಒಂದಿಷ್ಟು ಕಾಲ ಕೊಡಿ ಅಂತ ಮನೆಯವರನ್ನು ಒಪ್ಪಿಸಿಯೇ ಇದಕ್ಕೆ ಇಳಿದವರು. ರೈಟರ್ ಕೆಲಸ ಈಗ ಬಿಡಬೇಡಿ. ಚಿತ್ರದ ದುಡ್ಡು ಒಂದು ವರ್ಷ ಸತತವಾಗಿ ಸಂಬಳದ ಅರ್ಧದಷ್ಟಾದರೂ ಬಂದಾಗ ಅಪ್ಪನ ಜತೆ ಮತ್ತೆ ಕೂತು ಮಾತಾಡಿ. ಅಲ್ಲಿವರೆಗೆ ಲೆಕ್ಕ ಬರೆದಿಡಿ, ಅದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಈಗ ಆರು ಪುಟದ ಒಂದು ಕಥೆ ಬರೆಯಿರಿ. ಎರಡು ಪುಟ ಹೊಡೆದಾಟ, ಎರಡು ಪುಟ ಮನೆಯೊಳಗಿನ ಮಾತು, ಎರಡು ಪುಟ ಒಬ್ಬನೇ ನಡೆಯುವುದು. ಹೀರೋ ಮುಖವಾಡ ತೆಗೆದೇ ಇರಲಿ, ಕತ್ತಿ ಒಮ್ಮೆ ಮಾತ್ರ ಹೊರಬರಲಿ. 11×17 ಇಂಚಿನ ಹಾಳೆ, ಬರೀ ಕಪ್ಪು ಮಸಿ, ಬಣ್ಣ ಬೇಡ. ‘ಯಾರದೋ ಥರ ಇದೆ’ ಅನಿಸಿದರೂ ಆರನೆಯದು ಮುಗಿಯುವವರೆಗೆ ಹಿಂದಿನ ಪುಟ ತಿದ್ದಬೇಡಿ. ಆಮೇಲೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟು ನನಗೆ ಕಳಿಸಿ.